ಹುಳದ ಮನೆ, ಅಕ್ಕನ ರಕ್ತ

ಅಕ್ಕ ಬರುವುದು ಮೊದಲು ಕಿವಿಗೆ ಗೊತ್ತಾಗುತ್ತದೆ. ಪಾದದ ಮುಂಭಾಗ ಮೇಲೇಳದೆ ಚಪ್ಪಲಿ ನೆಲ ಸವರಿಕೊಂಡು ಬರುತ್ತದೆ. ಅಪ್ಪನ ಚಪ್ಪಲಿಗೂ ಅದೇ ಸದ್ದಿತ್ತು. ನರದ ಈ ಕಾಯಿಲೆ ಅಪ್ಪನಿಂದ ಅವಳಿಗೆ ಬಂತು, ನನಗೆ ಬರಲಿಲ್ಲ. ಹೊಂಗನೂರಿನ ಮನೆಯ ಹಿಂದಿನ ಹುಳದ ಮನೆಯಲ್ಲಿ ಅವಳು ರೇಷ್ಮೆ ಹುಳು ಸಾಕುತ್ತಾಳೆ.

ವರ್ಷಕ್ಕೊಮ್ಮೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳ ರಕ್ತ ತೆಗೆಯುತ್ತಾರೆ. ನರದ ಎಳೆಗಳು ಸವೆದಾಗ ಒಂದು ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಅದರ ಪ್ರಮಾಣದಿಂದ ಕಾಯಿಲೆ ಎಷ್ಟು ಮುಂದುವರಿದಿದೆ ಎಂದು ತಿಳಿಯಬಹುದೇ ಎಂಬುದನ್ನು ಅಲ್ಲಿನ ಡಾಕ್ಟರು ಇನ್ನೂ ಪರೀಕ್ಷಿಸುತ್ತಿದ್ದಾರೆ. ಅಕ್ಕ ಮಾತ್ರ ಆಗಲೇ ತೀರ್ಮಾನಿಸಿದ್ದಳು.

"ಈ ಸತಿ ಜಾಸ್ತಿ ಬಂದ್ರೆ ಹುಳ ಬುಟ್ಬುಡ್ತೀನಿ ಕಣ್ಲಾ."

ಆ ಸಲ ರಕ್ತ ಕೊಡುವ ಹಿಂದಿನ ವಾರ ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಕಳಚುವ ಹೊತ್ತನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಅವು ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ. ಹಾಸು ಒಣಗಿರಲೆಂದು ಅವುಗಳ ಮೇಲೆ ಸುಣ್ಣದ ಪುಡಿ ಚೆಲ್ಲುತ್ತಾರೆ. ಕಿಟಕಿಯ ಹಸಿರು ಪರದೆಯಿಂದ ಸೋಸಿ ಬಂದ ಬೆಳಕಿನಲ್ಲಿ, ಒಂದರ ಮೇಲೊಂದು ಸಾಲಾಗಿ ಜೋಡಿಸಿದ ತಟ್ಟೆಗಳಲ್ಲಿ ಸಾವಿರಾರು ಹುಳುಗಳು ತಲೆ ಎತ್ತಿ, ದೂರದ ಯಾವುದೋ ಸದ್ದಿಗೆ ಕಿವಿಗೊಟ್ಟಂತೆ ಅಲುಗಾಡದೆ ಇರುತ್ತವೆ. ಒಳಗೆ ಹೋದರೆ ಕೆರೆಯ ತಳದಲ್ಲಿ ನಡೆದಂತೆ. ಗೂಡು ಮಾರಿ ಬೆಳೆ ಕೈಗೆ ಬರುವವರೆಗೆ ಬಿದ್ದದ್ದು, ಒಡೆದದ್ದು, ಸತ್ತದ್ದರ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಹುಳಕ್ಕೆ ಕೇಡು ಎಂಬುದು ಅಮ್ಮನ ಕಾಲದಿಂದ ಬಂದ ನಂಬಿಕೆ.

ರಕ್ತ ತೆಗೆಯುವ ದಿನ ಡಾಕ್ಟರು, "ಈಚೆಗೆ ಎಲ್ಲಾದರೂ ಬಿದ್ದಿದ್ರಾ?" ಎಂದು ಕೇಳಿದರು.

"ಇಲ್ಲ," ಎಂದಳು ಅಕ್ಕ.

ಫಲಿತಾಂಶ ಬರುವಷ್ಟರಲ್ಲಿ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಮಾರಾಟವಾಗಿತ್ತು. ಪ್ರೋಟೀನ್ ಹಿಂದಿನ ವರ್ಷಕ್ಕಿಂತ ಬಹಳ ಏರಿತ್ತು. ಅಕ್ಕ ಸೆರಗಿನೊಳಗೆ ಕೈ ಸೇರಿಸಿಕೊಂಡು, "ತಟ್ಟೆಗಳ್ನ ಯಾರಿಗಾರ ಕೊಟ್ಬುಡು," ಎಂದು ನನಗೆ ಮೆಲ್ಲಗೆ ಹೇಳಿದಳು.

"ಇದೊಂದನ್ನೇ ನೋಡಿ ಏನೂ ಹೇಳೋಕಾಗಲ್ಲಮ್ಮ," ಎಂದರು ಡಾಕ್ಟರು. "ತಲೆಗೆ ಪೆಟ್ಟಾದ್ರೂ ಇದು ಏರುತ್ತೆ. ಅದಕ್ಕೇ ಅವತ್ತು ಕೇಳಿದ್ದು."

ಅಕ್ಕ ನನ್ನ ಕಡೆ ತಿರುಗಿದಳು. "ಗೂಡು ಮಾರಾಯ್ತಲ್ವ?"

"ಆಯ್ತು ಕಣಕ್ಕ."

"ಅಂಗಾರೆ ಯೋಳ್ಬೌದು. ಜ್ವರದ ಹುಳಕ್ಕೆ ಸುಣ್ಣದ ಪುಡಿ ಚೆಲ್ಲಕ್ಕೆ ಸ್ಟೂಲ್ ಹತ್ತಿದ್ದೆ, ಡಾಕ್ಟ್ರೆ. ಪಾದ ಮಡಚ್ಕತು. ಕಂಬಕ್ಕೆ ತಲೆ ಬಡೀತು. ಕಣ್ಣು ಕತ್ಲೆ ಬಂದು ಒಸಿ ಹೊತ್ತು ಅಲ್ಲೇ ಕುಂತಿದ್ದೆ."

"ಅವತ್ತೇ ಹೇಳಬಾರದಿತ್ತಾ?"

"ಹುಳ ಇನ್ನೂ ಗೂಡು ಕಟ್ಟಿರ್ಲಿಲ್ವಲ್ಲ!"

ಡಾಕ್ಟರು ಕನ್ನಡಕ ತೆಗೆದು ನಕ್ಕರು. ಕೆಲವು ತಿಂಗಳು ಬಿಟ್ಟು ಮತ್ತೆ ರಕ್ತ ತೆಗೆಸೋಣ, ಅಲ್ಲಿಯವರೆಗೆ ತಟ್ಟೆಗಳನ್ನು ಯಾರಿಗೂ ಕೊಡಬೇಡಿ ಎಂದರು.

ಎರಡನೇ ಸಲದ ಪ್ರಮಾಣ ಹಳೆಯದರ ಹತ್ತಿರಕ್ಕೆ ಇಳಿದಿತ್ತು. ಕಾಯಿಲೆ ಹೋಗಿಲ್ಲ, ಆದರೆ ಓಡುತ್ತಿರುವಂತೆಯೂ ಕಾಣುವುದಿಲ್ಲ ಎಂದರು ಡಾಕ್ಟರು. ಅಕ್ಕ ಹುಳು ಬಿಡಲಿಲ್ಲ. ಮೇಲಿನ ಸಾಲಿನ ತಟ್ಟೆಗಳನ್ನು ತೆಗೆಸಿದಳು. ಸ್ಟೂಲ್ ದನದ ಕೊಟ್ಟಿಗೆಗೆ ಹೋಯಿತು. ಬಿದ್ದರೆ ತಿಳಿಸಲೇಬೇಕು ಎಂಬ ಡಾಕ್ಟರ ಮಾತಿಗೆ ಅವಳೇ ದಾರಿ ಹುಡುಕಿದಳು.

"ಬಾಯಲ್ಲಿ ಯೋಳಕ್ಕಿಲ್ಲ. ಹುಳದ ಮನೆ ಬಾಗಿಲ ಚೌಕಟ್ಟಿಗೆ ಸುಣ್ಣದಲ್ಲಿ ಗೀಟು ಎಳೀತೀನಿ. ನೋಡ್ಕಂಡು ಸುಮ್ಕೆ ಓಗು."

ಈಗ ಹುಳುಗಳು ಮತ್ತೆ ಜ್ವರಕ್ಕೆ ಕೂತಿವೆ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಚೌಕಟ್ಟು ನೋಡಿದೆ. ಗೀಟಿರಲಿಲ್ಲ. ತಲೆ ಎತ್ತಿದ ಹುಳುಗಳ ನಡುವೆ, ಹುಳದ ಮನೆಗೆಂದೇ ಇಟ್ಟ ಚಪ್ಪಲಿ ನೆಲ ಸವರುತ್ತ ನಿಧಾನವಾಗಿ ಆಚೆ ತುದಿಗೆ ಹೋಗುತ್ತಿತ್ತು.