ಪೆಕ್‌ಹಾಳ ಹಳದಿ ಚೀಟಿ

ನಮ್ಮ ಬೀದಿಯಲ್ಲಿ ಯಾರ ಕಂಪ್ಯೂಟರು ಕೆಟ್ಟರೂ ಮೊದಲು ನೆನಪಾಗುವವಳು ಪೆಕ್‌ಹಾ. ಅವಳಿಗೆ ಮಾತ್ರ ತನ್ನ ಕನ್ನಡಕ ಎಲ್ಲಿದೆ ಎಂಬುದೇ ನೆನಪಿರುವುದಿಲ್ಲ. ದಿನಕ್ಕೆ ನಾಲ್ಕು ಸಲವಾದರೂ ಪಕ್ಕದ ನನ್ನ ಮೀನುಗಂಜಿ ಅಂಗಡಿಗೆ ಬಂದು, "ಲೋ, ನನ್ನ ಕನ್ನಡಕ ಇಲ್ಲೇನಾದ್ರೂ ಬಿಟ್ಟೆನಾ?" ಅನ್ನುತ್ತಾಳೆ. ಕನ್ನಡಕ ಅವಳ ತಲೆಯ ಮೇಲೇ ಇರುತ್ತದೆ. ಇಂಥವಳು ಇಪ್ಪತ್ತೇಳು ವರ್ಷದಿಂದ ಕಂಪ್ಯೂಟರುಗಳ ನೆನಪನ್ನು ಪರೀಕ್ಷೆ ಮಾಡಿಕೊಂಡು ಬದುಕುತ್ತಿದ್ದಾಳೆ ಎಂದರೆ ನಾನು ನಗದೆ ಏನು ಮಾಡಲಿ.

ನಮ್ಮ ಊರು ಕಾವೋಶುಂಗ್, ಇಲ್ಲಿನ ಬಂದರಿನ ರೇಡಿಯೋ ಕಾರ್ಖಾನೆಗೆ ಅವಳು ಹದಿನೇಳನೇ ವಯಸ್ಸಿಗೆ ಬೆಸುಗೆ ಹಾಕಲು ಸೇರಿದ್ದಳು. ಕಾರ್ಖಾನೆ ಸಮುದ್ರದಾಚೆಗೆ ಗಂಟುಮೂಟೆ ಕಟ್ಟಿದಾಗ ಉಳಿದವರೆಲ್ಲ ಅತ್ತರು. ಇವಳು ಅಲ್ಲಿನ ಹಳೇ ಕಂಪ್ಯೂಟರುಗಳನ್ನು ತೂಕದ ಲೆಕ್ಕದಲ್ಲಿ ಕೊಂಡು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದಳು. ಅವುಗಳ ಮೆಮೊರಿ ಪಟ್ಟಿಗಳನ್ನು ಬಿಚ್ಚಿ, ಒಳ್ಳೆಯವು ಯಾವುವು ಕೆಟ್ಟವು ಯಾವುವು ಎಂದು ವಿಂಗಡಿಸಿ ಮಾರತೊಡಗಿದಳು.

ಬೆರಳುದ್ದದ ಆ ಹಸಿರು ಪಟ್ಟಿಯಲ್ಲಿ ಕೋಟಿಗಟ್ಟಲೆ ಗೂಡುಗಳಿರುತ್ತವಂತೆ. ಪರೀಕ್ಷೆಯ ಪ್ರೋಗ್ರಾಮು ಒಂದೊಂದು ಗೂಡಿಗೂ ಒಂದು ಅಂಕಿ ಹಾಕಿ, ಆಮೇಲೆ ವಾಪಸ್ ಕೇಳುತ್ತದೆ. ಹಾಕಿದ್ದೇ ಬಂದರೆ ಸರಿ, ಬೇರೆ ಬಂದರೆ ಪರದೆಯಲ್ಲಿ ಕೆಂಪು ಗೆರೆ. ಗಿರಾಕಿಗಳಿಗೆ ಅವಳು ಇದನ್ನೇ ಬೇರೆ ರೀತಿ ಹೇಳುತ್ತಾಳೆ: "ನಿನ್ ಗಂಡನ್ನ ಉಪ್ಪು ತರೋಕೆ ಕಳ್ಸು. ಸಕ್ಕರೆ ತಂದ್ನಾ? ಅಲ್ಲಿಗೆ ಕೆಂಪು ಗೆರೆ!"

ಪರೀಕ್ಷೆ ನಡೆಯುವಾಗ ತಲೆಗೂದಲು ಒಣಗಿಸುವ ಡ್ರೈಯರಿನಿಂದ ಪಟ್ಟಿಗೆ ಬಿಸಿಗಾಳಿ ಊದುವುದು ಅವಳದೇ ಪದ್ಧತಿ. ತಣ್ಣಗಿದ್ದಾಗ ಎಲ್ಲ ಪಟ್ಟಿಗಳೂ ಸಾಧುಗಳಂತೆ, ಕಾದಾಗಲೇ ನಿಜವಾದ ಗುಣ ಹೊರಗೆ ಬರುವುದಂತೆ. ಅದರಲ್ಲೂ ಪಾಸಾದರೆ ದುಂಡಗಿನ ಹಳದಿ ಚೀಟಿಯ ಮೇಲೆ ತಾರೀಖು ಹಾಕಿ, "ಪೆಕ್‌ಹಾ ನೋಡಿದ್ದಾಳೆ" ಎಂದು ಬರೆದು ಅಂಟಿಸುತ್ತಾಳೆ. ಆ ಚೀಟಿ ಇದ್ದರೆ ಬಂದರಿನ ಕಡೆ ಯಾರೂ ಮರುಮಾತಾಡುವುದಿಲ್ಲ.

ಹೋದ ಬೇಸಿಗೆಯಲ್ಲಿ ಆ ಚೀಟಿಗೇ ಕುತ್ತು ಬಂತು. ನಮ್ಮ ವಾರ್ಡಿನಲ್ಲಿ ಹಿರಿಯರ ಹಾಡಿನ ಕೂಟವಿದೆ. ಬುಧವಾರ ಮಧ್ಯಾಹ್ನ ತಗಡಿನ ಚಾವಣಿಯ ಹಾಲಿನಲ್ಲಿ ಸೇರಿ, ಕಂಪ್ಯೂಟರಿನಲ್ಲಿ ಬರೀ ಸಂಗೀತ ಹಾಕಿಕೊಂಡು ಸರದಿ ಪ್ರಕಾರ ಹಾಡುತ್ತಾರೆ. ಗಂಜಿ ಹಂಚುವ ನೆಪದಲ್ಲಿ ನಾನೂ ಅಲ್ಲಿರುತ್ತೇನೆ. ಕೊನೆಯ ಸರದಿ ಓಂಗ್‌ಕಿನ್ ಅಣ್ಣನದು. ವಯಸ್ಸು ಎಪ್ಪತ್ತೊಂದು, ಮೂವತ್ತು ವರ್ಷ ಮೀನು ಹಡಗಿನಲ್ಲಿ ಅಡುಗೆ ಮಾಡಿದವನು. ಅವನ ದನಿ ಕೇಳಿದರೆ ಲಂಗರು ಎಳೆಯುತ್ತಿದ್ದಾರೇನೋ ಅನಿಸುತ್ತದೆ. ಸತತ ಮೂರು ಬುಧವಾರ ಅವನು ಕೊನೆಯ ಚರಣಕ್ಕೆ ಬರುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರು ಸ್ತಬ್ಧವಾಯಿತು. ಬೇರೆ ಯಾರ ಹಾಡಿಗೂ ಹಾಗಾಗಲಿಲ್ಲ.

"ಪಾಪ, ಮಿಷಿನ್ನಿಗೂ ಜೀವ ಇದೆ ಕಣ್ರೀ, ಎಷ್ಟೂಂತ ತಡ್ಕೊಳ್ಳುತ್ತೆ!" ಎಂದು ನಾನೇ ಮೊದಲು ನಕ್ಕೆ. ಎಲ್ಲರೂ ನಕ್ಕರು. ಕೂಟದ ಯಜಮಾನಿ ಛಾಯ್‌ಗಿನ್ ನಗಲಿಲ್ಲ. ಬರುವ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ವಾರ್ಡುಗಳ ನಡುವೆ ಸ್ಪರ್ಧೆಯಿತ್ತು, ಅವರವರ ಮಿಷಿನ್ನನ್ನು ಅವರವರೇ ಒಯ್ಯಬೇಕಿತ್ತು. ಪೆಕ್‌ಹಾಳನ್ನು ಕರೆಸಿ, "ನಿನ್ ಚೀಟಿ ಅಂಟಿಸಿದ ಪಟ್ಟಿ ಹಾಕಿದ ಮೇಲೇ ಹಿಂಗಾಗ್ತಿರೋದು" ಎಂದಳು.

ಪೆಕ್‌ಹಾ ಪಟ್ಟಿ ಬಿಚ್ಚಿಕೊಂಡು ಹೋದಳು. ತಣ್ಣಗಿನ ಎ.ಸಿ. ಗಾಳಿಯಲ್ಲಿ ಕೂತು ಇಡೀ ದಿನ ಪ್ರೋಗ್ರಾಮು ಓಡಿಸಿದಳು. ಒಂದು ಕೆಂಪು ಗೆರೆಯೂ ಬರಲಿಲ್ಲ. ಚೀಟಿ ಅಂಟಿಸಿ ಆಗಿದೆ ಎಂಬ ಧೈರ್ಯಕ್ಕೆ ಡ್ರೈಯರ್ ಮಾತ್ರ ಮುಟ್ಟಲಿಲ್ಲ. ಮೂಗು ಮೇಲೆತ್ತಿಕೊಂಡು ಬಂದು, ಅದನ್ನೇ ಮತ್ತೆ ಕೂಟದ ಕಂಪ್ಯೂಟರಿಗೆ ಹಾಕಿ, "ನನ್ ಪಟ್ಟಿ ಸರಿಯಾಗೇ ಇದೆ" ಎಂದಳು.

"ಹಂಗಾದ್ರೆ ಓಂಗ್‌ಕಿನ್ ಗಂಟಲೇ ಸರಿಯಿಲ್ಲ. ಈ ಬುಧವಾರಾನೂ ನಿಂತ್ರೆ ಅವ್ನು ಸ್ಪರ್ಧೆಗೆ ಬೇಡ" ಎಂದು ಛಾಯ್‌ಗಿನ್ ತೀರ್ಪು ಕೊಟ್ಟಳು.

ಮಾರನೆಯ ದಿನ ಓಂಗ್‌ಕಿನ್ ಅಣ್ಣ ಪೆಕ್‌ಹಾಳ ಅಂಗಡಿಗೆ ಬಂದ. ಅವಳಿಗೆ ಗಂಜಿ ಕೊಡಲು ಹೋಗಿದ್ದ ನಾನು ಅಲ್ಲೇ ನಿಂತೆ. ಟೋಪಿ ಕೈಯಲ್ಲಿ ಹಿಡಿದು ಅವನು ಕೇಳಿದ: "ನಿಜ ಹೇಳಮ್ಮ. ನನ್ ದನಿಗೆ ಮಿಷಿನ್ ಕೆಡುತ್ತಾ?"

"ಯಾರೋ ತಮಾಷೆಗೆ ಹೇಳಿದ್ದು ಬಿಡಿ ಅಣ್ಣ."

"ಇಲ್ಲ, ನನ್ನೂ ಒಂದ್ಸಲ ಟೆಸ್ಟ್ ಮಾಡ್ಬಿಡು. ಹಡಗಲ್ಲಿ ಬಾಯಿ ತೆಗ್ದಾಗ್ಲೆಲ್ಲ ಯಾರಾದ್ರೂ 'ಅನ್ನ ಸೀಯ್ತಾ ಇದೆ' ಅಂತ ಕೂಗೋರು. ಮೂವತ್ತು ವರ್ಷದಲ್ಲಿ ಒಂದು ಹಾಡನ್ನೂ ಕೊನೇವರೆಗೆ ಹಾಡಿಲ್ಲ ನಾನು. ಈಗ ಮಿಷಿನ್ನೂ ಬೇಡ ಅಂದ್ರೆ, ಬಿಟ್ಬಿಡ್ತೀನಿ."

ತಮಾಷೆ ಶುರುಮಾಡಿದವನು ನಾನೇ ಎಂದು ಆಗ ಬಹಳ ಕಸಿವಿಸಿಯಾಯಿತು. ಪೆಕ್‌ಹಾ ಮಾತ್ರ ಗಂಭೀರವಾಗಿ ಅಂಗಡಿಯ ಮಿಷಿನ್ನಿನಲ್ಲಿ ಪರೀಕ್ಷೆ ಚಾಲೂ ಮಾಡಿ, "ಹಾಡಿ" ಎಂದಳು. ಅವನು ಮಿಷಿನ್ನಿನ ಮುಂದೆ ನೆಟ್ಟಗೆ ನಿಂತು ಹಾಡಿದ. ಕಪಾಟಿನ ಗಾಜು ನಡುಗಿತು, ಪರದೆ ಅಲುಗಲಿಲ್ಲ. ಆದರೆ ಕೊನೆಯ ಚರಣಕ್ಕೆ ಬರುತ್ತಿದ್ದಂತೆ ಎದುರು ಮನೆಯ ನಾಯಿ ಊಳಿಡತೊಡಗಿತು, ಅವನು ನಾಚಿ ನಿಲ್ಲಿಸಿಬಿಟ್ಟ.

"ನಿಮ್ ಗಂಟಲು ಪಾಸು ಅಣ್ಣ" ಎಂದಳು ಪೆಕ್‌ಹಾ. ಅವನು ಹೋದ ಮೇಲೆ ನನ್ನತ್ತ ತಿರುಗಿ, "ಹಂಗಾದ್ರೆ ತಪ್ಪು ಯಾರ್ದೋ?" ಎಂದಳು.

ಬುಧವಾರ ಅವಳೂ ಹಾಲಿಗೆ ಬಂದು ಕಂಪ್ಯೂಟರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಳು. ಕಂಪ್ಯೂಟರಿನ ಬದಿಗೆ ಅವಳೇ ಒರಗಿಸಿಟ್ಟಿದ್ದ ಹಸಿರು ಪೊಟ್ಟಣವಿತ್ತು. "ಜಾಣಮರಿ" ಎಂದು ಬರೆದ, ತೆಂಗಿನಕಾಯಿ ರುಚಿಯ ಜೋಳದ ಕುರುಕಲು. ಆ ಪೊಟ್ಟಣ ಪಕ್ಕದಲ್ಲಿದ್ದರೆ ಯಂತ್ರ ಕೆಡುವುದಿಲ್ಲ ಎಂಬುದು ನಮ್ಮ ಊರಿನ ನಂಬಿಕೆ, ಅದಿಲ್ಲದೆ ಯಾವ ಯಂತ್ರ ಮಾತು ಕೇಳುತ್ತದೆ? ಹಸಿರೇ ಆಗಬೇಕು, ತಾರೀಖು ಮೀರಿರಬಾರದು, ಯಾರೂ ಒಡೆದು ತಿಂದಿರಬಾರದು, ಅಷ್ಟೆ.

ಓಂಗ್‌ಕಿನ್ ಅಣ್ಣನ ಸರದಿ ಬಂತು. ಅವನು ಮೈಕು ಹಿಡಿಯುವ ಮೊದಲು ಅಂಗಿಯೊಳಗಿನಿಂದ ಇನ್ನೊಂದು ಹಸಿರು ಪೊಟ್ಟಣ ತೆಗೆದ. ದೊಡ್ಡದು, ಮನೆಮಂದಿಗೆಲ್ಲ ಸಾಲುವಂಥದು. ಹಾಡು ಮುಗಿಯಲಿ ಎಂಬ ಆಸೆಗೆ ಪ್ರತಿ ವಾರ ಹೊಸದು ತರುತ್ತಿದ್ದನಂತೆ. ಅದನ್ನು ಭಕ್ತಿಯಿಂದ ಕಂಪ್ಯೂಟರಿನ ನೆತ್ತಿಯ ಮೇಲೆ, ಬಿಸಿಗಾಳಿ ಹೊರಗೆ ಬರುವ ಕಿಂಡಿಗೆ ಸರಿಯಾಗಿ ಮುಚ್ಚುವಂತೆ ಇಟ್ಟು ಕೈಮುಗಿದ.

ಪೆಕ್‌ಹಾ ಅದನ್ನು ತೆಗೆಸದೆ, ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಳು. ಎರಡನೇ ಚರಣಕ್ಕೆ ಅದು ನನ್ನ ಗಂಜಿ ಪಾತ್ರೆಯ ಹಾಗೆ ಕಾದಿತ್ತು. ಕೊನೆಯ ಚರಣಕ್ಕೆ ಕಂಪ್ಯೂಟರು ನಿಂತಿತು. ಓಂಗ್‌ಕಿನ್ ಅಣ್ಣ ಮೈಕು ಕೆಳಗಿಟ್ಟು, ತನ್ನ ಪೊಟ್ಟಣ ಎತ್ತಿಕೊಂಡು ಬಾಗಿಲ ಕಡೆ ನಡೆದ.

"ಅಣ್ಣ, ಕೂತ್ಕೊಳಿ!" ಎಂದು ಪೆಕ್‌ಹಾ ಗದರಿದಳು. ಪಟ್ಟಿ ಬಿಚ್ಚಿಕೊಂಡು ಅಂಗಡಿಗೆ ಓಡಿ, ಪರೀಕ್ಷೆ ಚಾಲೂ ಮಾಡಿ, ಡ್ರೈಯರ್ ಹಿಡಿದಳು. ಹಿಂದೆಯೇ ಓಡಿದ್ದ ನನ್ನ ಕಣ್ಣೆದುರಿಗೇ ಪರದೆಯ ತುಂಬ ಕೆಂಪು ಗೆರೆಗಳು ಇಳಿದವು. ಅವಳು ಚೀಟಿಯ ತಾರೀಖು ನೋಡಿ, ನನ್ನನ್ನು ನೋಡಿದಳು.

"ಆವತ್ತು ನನ್ ಡ್ರೈಯರ್ ಯಾರ ಹತ್ರ ಇತ್ತು?"

ನನ್ನ ಹತ್ತಿರ ಇತ್ತು. ಮಳೆಯಲ್ಲಿ ನೆಂದ ಬೂಟು ಒಣಗಿಸಲು ಒಯ್ದು, ಮೂರು ದಿನ ವಾಪಸು ಕೊಟ್ಟಿರಲಿಲ್ಲ.

ತಪ್ಪನ್ನು ನನ್ನ ಮೇಲೆ ಹಾಕಿ ಅವಳು ನುಣುಚಿಕೊಳ್ಳಬಹುದಿತ್ತು. ಪೊಟ್ಟಣದ ಮೇಲೂ ಹಾಕಬಹುದಿತ್ತು. ಹಾಲಿಗೆ ವಾಪಸು ಬಂದು, ಎಲ್ಲರೆದುರಿಗೆ ಪಟ್ಟಿ ಎತ್ತಿ ಹಿಡಿದಳು. "ಪಟ್ಟಿ ಕೆಟ್ಟಿದೆ. ಬಿಸಿ ತಡ್ಕೊಳ್ಳಲ್ಲ. ನಾನು ಪೂರ್ತಿ ನೋಡ್ದೇನೇ ಚೀಟಿ ಅಂಟಿಸ್ಬಿಟ್ಟೆ. ಓಂಗ್‌ಕಿನ್ ಅಣ್ಣನ ಗಂಟಲಿಗೂ ಇದಕ್ಕೂ ಸಂಬಂಧ ಇಲ್ಲ." ಹಾಗೆಂದು ಉಗುರಿನಿಂದ ಚೀಟಿ ಕಿತ್ತಳು. ಇಪ್ಪತ್ತೇಳು ವರ್ಷದಲ್ಲಿ ಅವಳು ಚೀಟಿ ಕಿತ್ತದ್ದು ನಾನು ನೋಡಿರಲಿಲ್ಲ. ಅವಳ ಕಿವಿ ಕೆಂಪಾಗಿತ್ತು. ಛಾಯ್‌ಗಿನ್ ಎದ್ದು ಅವಳಿಗೆ ಒಂದು ಲೋಟ ಚಹಾ ತಂದುಕೊಟ್ಟಳು.

ಆಮೇಲೆ ಪೆಕ್‌ಹಾ ಓಂಗ್‌ಕಿನ್ ಅಣ್ಣನ ಕಿವಿಯಲ್ಲಿ, "ಪೊಟ್ಟಣ ಕೈಯಲ್ಲೇ ಹಿಡ್ಕೊಂಡು ಹಾಡಿ, ಆಗ ಇನ್ನೂ ಚೆನ್ನಾಗ್ ಕೆಲಸ ಮಾಡುತ್ತೆ" ಎಂದದ್ದು ನನಗೆ ಮಾತ್ರ ಕೇಳಿಸಿತು.

ಸ್ಪರ್ಧೆಯಲ್ಲಿ ಅವನು ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಪೊಟ್ಟಣ ಹಿಡಿದು ಹಾಡಿದ. ಹೊಸ ಪಟ್ಟಿ ಹಾಕಿದ ಕಂಪ್ಯೂಟರು ನಿಲ್ಲಲೇ ಇಲ್ಲ. ಒಂದಿಬ್ಬರು ತೀರ್ಪುಗಾರರು ಅದು ನಿಲ್ಲಲಿ ಎಂದು ಬೇಡಿಕೊಂಡಿರಬೇಕು. ಕೊನೆಯ ಚರಣ ಬಂತು, ಹೋಯಿತು. ಸಂಗೀತ ಮುಗಿದ ಮೇಲೂ ಓಂಗ್‌ಕಿನ್ ಅಣ್ಣ ಅಲ್ಲೇ ನಿಂತು, ಯಾರಾದರೂ ಕೂಗುತ್ತಾರೇನೋ ಎಂದು ಸುತ್ತ ನೋಡಿದ. ಆಮೇಲೆ ಮೈಕಿನಲ್ಲೇ ಕೇಳಿದ: "ಮುಗೀತಾ?"

"ಪೂರ್ತಿ ಮುಗೀತು ಅಣ್ಣ! ಒಂದಕ್ಷರಾನೂ ಬಿಟ್ಟಿಲ್ಲ!" ಎಂದು ಪೆಕ್‌ಹಾ ಹಿಂದಿನ ಸಾಲಿನಿಂದ ಕೂಗಿದಳು.

ನಮ್ಮ ವಾರ್ಡಿಗೆ ಕೊನೆಯಿಂದ ಎರಡನೇ ಸ್ಥಾನ ಬಂತು. ಓಂಗ್‌ಕಿನ್ ಅಣ್ಣ ವೇದಿಕೆಯಿಂದ ಇಳಿಯುತ್ತಿದ್ದಂತೆ ಪೆಕ್‌ಹಾ ಚೀಲದಿಂದ ಹಳದಿ ಚೀಟಿ ತೆಗೆದಳು. ಬರೆಯಲು ಕನ್ನಡಕ ಸಿಗದೆ ಪರದಾಡಿದಳು. ನಾನು ಅವಳ ತಲೆಯ ಮೇಲಿಂದ ಅದನ್ನು ಇಳಿಸಿ ಮೂಗಿನ ಮೇಲೆ ಕೂರಿಸಿದೆ. ಅವಳು ಅವತ್ತಿನ ತಾರೀಖು ಹಾಕಿ, "ಪೆಕ್‌ಹಾ ನೋಡಿದ್ದಾಳೆ" ಎಂದು ಬರೆದು, ಆ ಚೀಟಿಯನ್ನು ಅವನ ಅಂಗಿಯ ಜೇಬಿನ ಮೇಲೆ ಅಂಟಿಸಿದಳು.