ಅಣ್ಣ ಕತ್ತರಿಸದ ಕಾಗದ

ಲಕ್ವ ಹೊಡೆದ ಗಂಡನ ಒಳ್ಳೆಯ ಕೈಗೆ ಅತ್ತಿಗೆ ಕಾಲುಚೀಲ ಹಾಕಿ ಕಟ್ಟಿದ್ದು ನನಗೆ ಇವತ್ತಿಗೂ ಸರಿ ಕಂಡಿಲ್ಲ. ಒಡಹುಟ್ಟಿದ ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಅಣ್ಣ ದರ್ಜಿ. ಇಪ್ಪತ್ತಾರು ವರ್ಷ ಒಂದೇ ಅಂಗಡಿಯಲ್ಲಿ ನಿಂತು ಬಟ್ಟೆ ಕತ್ತರಿಸಿದವನು. ಬಲಗೈ ಸೋತ ಮೇಲೆ ಅಂಗಡಿಯ ಯಜಮಾನ ನಾಲ್ಕು ತಿಂಗಳು ಮೇಜು ಖಾಲಿ ಇಟ್ಟ. ಆಮೇಲೆ ಹೇಳಿ ಕಳಿಸಿದ: "ಒಂದು ಅಂಗಿ ಕತ್ತರಿಸಿ ತೋರಿಸಿದರೆ ಮೇಜು ನಿಂದೇ. ಇಲ್ಲಾಂದ್ರೆ ಬೇರೆಯವರನ್ನ ಕರೀತೀನಿ."

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವಾಕೆ, ಮನೆಯ ಕೆಲಸದಲ್ಲೇ ಆ ಕೈ ಆಡುತ್ತಿರಲಿ ಎಂದಿದ್ದಳು. ಅತ್ತಿಗೆ ಪಟ್ಟು ಹಿಡಿದಳು. ನೀರಿನ ಲೋಟ, ಕನ್ನಡಕ, ಬಾಚಣಿಗೆ ಎಲ್ಲ ಬಲಕ್ಕೆ ಬಂದವು. ಬೆಳಿಗ್ಗೆ ಎರಡು ಗಂಟೆ ಕಾಲ ಎಡಗೈ ಚೀಲದೊಳಗೆ. ಬಲಗೈ ಗುಂಡಿ ಹಾಕಬೇಕು, ಬಟಾಣಿ ಸುಲಿಯಬೇಕು, ಹಳೆಯ ಪತ್ರಿಕೆಯ ಮೇಲೆ ಅವಳು ಎಳೆದ ಗೆರೆ ಹಿಡಿದು ಹತ್ತು ಪಟ್ಟಿ ಕತ್ತರಿಸಬೇಕು. ಅಷ್ಟಾಗದೆ ಟೀ ಇಲ್ಲ.

ನಾನು ತಗಡಿನ ಕೆಲಸದವನು. ಒಂದು ದಿನ ಕೆಲಸಕ್ಕೆ ಹೋಗುತ್ತ ಅಣ್ಣನ ಮನೆಯೊಳಗೆ ಇಣುಕಿದೆ. ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕತ್ತರಿ ಅಣ್ಣನ ಬೆರಳಿಂದ ಮೂರು ಸಲ ಜಾರಿತು. ಹಣೆಯೆಲ್ಲ ಬೆವರು.

"ಇಲ್ಲಿ ಕೊಡಣ್ಣ" ಎಂದೆ.

"ಬೇಡ್ವೋ. ಗೊತ್ತಾದ್ರೆ ನಿನ್ನ ಕೈಗೂ ಚೀಲ ಹಾಕ್ತಾಳೆ."

"ಹಾಕ್ಲಿ, ನೋಡೋಣ."

ಹತ್ತು ಪಟ್ಟಿಯನ್ನೂ ಚಕಚಕನೆ ಕತ್ತರಿಸಿಟ್ಟೆ. ಮರುದಿನವೂ. ಹೀಗೆ ಎಂಟು ದಿನ.

ಒಂಬತ್ತನೆಯ ದಿನ ಅತ್ತಿಗೆ ಆ ಪಟ್ಟಿಗಳನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಿ, "ನಾಳೆ ಬರ್ತಾರೆ" ಎಂದು ಹೇಳಿ ಬಂದಳು. ಅವಳ ಮುಖ ಅರಳಿತ್ತು; ನಾನು ಕೆಲಸಕ್ಕೆ ಹೊರಟೆ.

ಮರುದಿನ ಮೇಜಿನ ಮೇಲೆ ಬಿಳಿ ಬಟ್ಟೆ ಹರಡಿತ್ತು. ಯಜಮಾನ ಎದುರಿಗೆ, ಅತ್ತಿಗೆ ಬಾಗಿಲಲ್ಲಿ, ನಾನು ಅವಳ ಹಿಂದೆ. ಬೆನ್ನಿನ ತುಂಡು ಹೇಗೋ ಬಂತು. ಕಂಕುಳ ಬಳಿಯ ತಿರುವಿನಲ್ಲಿ ಕತ್ತರಿ ನಿಂತಿತು. ಅಣ್ಣ ಹಲ್ಲು ಕಚ್ಚಿ ಒತ್ತಿದ. ಅದು ಗೆರೆ ಬಿಟ್ಟು ಎರಡು ಬೆರಳು ಒಳಕ್ಕೆ ನುಗ್ಗಿತು. ಅವನೇ ಕತ್ತರಿ ಕೆಳಗಿಟ್ಟ.

"ಗುಂಡಿ ಹೊಲಿಯೋ ಕೆಲಸ ಇದೆ, ಕೂತು ಮಾಡು" ಎಂದ ಯಜಮಾನ, ಬೇರೆ ಕಡೆ ನೋಡುತ್ತ.

ಮನೆಯಲ್ಲಿ ಅತ್ತಿಗೆ ಪಟ್ಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು.

"ಹೇಳಪ್ಪ, ಇವನ್ನ ಕತ್ತರಿಸಿದ್ದು ಯಾರು?"

"ಅಣ್ಣನೇ. ಇನ್ಯಾರು?" ಎಂದೆ.

"ಹೌದೇನ್ರೀ?"

ಅಣ್ಣ ನನ್ನ ಕಡೆ ನೋಡಲಿಲ್ಲ. "ಹೂಂ" ಎಂದ.

"ಹಾಗಾದ್ರೆ ನನ್ನದೇ ತಪ್ಪು. ಆತುರಪಟ್ಟು ಕರ್ಕೊಂಡು ಹೋದೆ" ಎಂದಳು ಅತ್ತಿಗೆ.

ಎರಡು ವರ್ಷವಾಯಿತು. ಆ ಮೇಜಿನಲ್ಲಿ ಬೇರೆಯವನು ನಿಂತಿದ್ದಾನೆ. ಅತ್ತಿಗೆ ಈಗಲೂ ಹಾಗೇ ನಂಬಿದ್ದಾಳೆ. ನಾನು ಇನ್ನೂ ಹೇಳಿಲ್ಲ.