ಕೆಟ್ಟ ರಕ್ತಕ್ಕೆ ಕೊಟ್ಟ ಷರಬತ್ತು

ನನ್ನ ಮೊಮ್ಮಗಳ ಮಾತು ಬಂದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತೇನೆ, ಹಾಲು ಹಾಕುವವನನ್ನೂ ನಿಲ್ಲಿಸಿಕೊಂಡು ಹೇಳುತ್ತೇನೆ. ಅಂಥ ಮಗು ಮೈಸೂರಿನಲ್ಲಿ ಇನ್ನೊಂದು ಇಲ್ಲ. ಆ ಮಗುವಿನ ಕತ್ತನ್ನು ರಕ್ತ ಬರುವ ಹಾಗೆ ಉಜ್ಜಿಸಿದವನೂ ನಾನೇ. ಇದನ್ನು ಬಸ್ಸಿನಲ್ಲಿ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ದೇವರಾಜ ಮೊಹಲ್ಲಾದಲ್ಲಿ ಗ್ರಂಧಿಗೆ ಅಂಗಡಿ. ಬೇರು, ತೊಗಟೆ, ಚೂರ್ಣ, ಬಾಣಂತಿಗೆ ಬೇಕಾದ್ದು, ಕೆಮ್ಮಿಗೆ ಬೇಕಾದ್ದು, ಎಲ್ಲ ಸಿಗುತ್ತದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಗಿರಾಕಿಗಳು ಪಂಡಿತರೇ ಎನ್ನುತ್ತಿದ್ದರು, ನಾನೂ ಬೇಡ ಎನ್ನುತ್ತಿರಲಿಲ್ಲ. ಆ ಹೆಸರು ತಂದುಕೊಟ್ಟದ್ದು ನಮ್ಮಪ್ಪನ ಕಾಲದ ರಕ್ತಶುದ್ಧಿ ಷರಬತ್ತು. ಸೊಗದೆ ಬೇರು, ಲಾವಂಚ ಕುದಿಸಿ, ಆ ನೀರಿನ ಎರಡರಷ್ಟು ಕಲ್ಲುಸಕ್ಕರೆ ಹಾಕಿ, ಪಾಕ ಮಾಡಿ ಬಾಟಲಿಗೆ ತುಂಬುವುದು. ಸಕ್ಕರೆ ಉಷ್ಣ, ಕಲ್ಲುಸಕ್ಕರೆ ತಂಪು ಎಂದು ಅಪ್ಪ ಹೇಳಿದ್ದರು. ಮೊಡವೆ ಬಂತು ಎಂದರೆ ರಕ್ತ ಕೆಟ್ಟು ಕಾದಿದೆ, ತಂಪು ಕೊಡಬೇಕು. ನನ್ನ ಪಾಂಡಿತ್ಯ ಇಷ್ಟೇ.

ಮಗ ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಿದ್ದ, ಸೊಸೆ ಶ್ರೀರಾಂಪುರದ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಅವರ ಒಬ್ಬಳೇ ಮಗಳು ಬೆಳೆದದ್ದು ನನ್ನ ಅಂಗಡಿಯಲ್ಲಿ. ತೊಂಬತ್ತರ ದಶಕದ ಕೊನೆಯ ಮಾತು. ಏಳು ವರ್ಷಕ್ಕೇ ಕಣ್ಣು ಮುಚ್ಚಿ ಮೂಸಿ ಇದು ಬಜೆ, ಇದು ಜ್ಯೇಷ್ಠಮಧು ಎನ್ನುತ್ತಿದ್ದಳು. "ಅಳಲೆಕಾಯಿ ಕುಟ್ಬೇಡಿ ಅಜ್ಜಿ, ತೇಯ್ಬೇಕು. ಎಷ್ಟು ಸಲ ಹೇಳೋದು ನಿಮಗೆ?" ಎಂದು ಔಷಧಿಗೆ ಬಂದ ಎಪ್ಪತ್ತರ ಮುದುಕಿಯನ್ನೇ ಗದರಿಸಿಬಿಡುತ್ತಿದ್ದಳು. ಶನಿವಾರ ಸ್ಕೂಲು ಬಿಟ್ಟರೆ ಮನೆಗೆ ಹೋಗದೆ ನೇರ ಅಂಗಡಿಗೆ. ಅವಳಿಗೆ ಬೇರೆ ಆಟ ಬೇಕಿರಲಿಲ್ಲ.

ಹದಿನಾಲ್ಕು ತುಂಬುವಾಗ ಮೊಡವೆ ಶುರುವಾಯಿತು. ಮೊದಲು ಹಣೆಗೆ, ಆಮೇಲೆ ಕೆನ್ನೆ, ದವಡೆ. ಸಾಸಿವೆಯಷ್ಟಿದ್ದದ್ದು ಕಡಲೆಕಾಳಿನಷ್ಟಾಗಿ, ಕೀವು ತುಂಬಿ, ಒಡೆದು ಕಲೆ ಬಿಡುತ್ತಿತ್ತು. "ಈ ವಯಸ್ಸಿಗೆ ಎಲ್ರಿಗೂ ಬರುತ್ತೆ ಬಿಡಿ ಮಾವ" ಎಂದಳು ಸೊಸೆ. "ಎಲ್ರ ತಾತಂದಿರೂ ಗ್ರಂಧಿಗೆ ಅಂಗಡಿ ಇಟ್ಟಿಲ್ಲ ಕಣಮ್ಮ" ಎಂದೆ. ಬೆಳಗ್ಗೆ ಒಂದು ಲೋಟ, ಸಂಜೆ ಒಂದು ಲೋಟ ಷರಬತ್ತು ಶುರು ಮಾಡಿಸಿದೆ. ಮೊಡವೆ ಹೆಚ್ಚಾಯಿತು. ಒಳಗಿನ ಕೆಟ್ಟದ್ದು ಹೊರಗೆ ಬರುತ್ತಿದೆ ಎಂದು ಖುಷಿಪಟ್ಟು ಮೂರು ಲೋಟ ಮಾಡಿದೆ.

ಒಂದು ಶನಿವಾರ, ಮಾರ್ಕೆಟ್ಟಿನಲ್ಲಿ ಹೂ ಮಾರುವ ಹೆಂಗಸು ಷರಬತ್ತಿಗೆ ಬಂದವಳು ಮೊಮ್ಮಗಳ ಮುಖವನ್ನೇ ನೋಡುತ್ತ ನಿಂತಳು. "ಏನ್ ಪಂಡಿತ್ರೇ, ಔಸ್ದಿ ಎಲ್ಲಾ ನಮಗೇ ಮಾರ್ಬುಟ್ಟು ಮನೇರಿಗೆ ಏನೂ ಉಳಿಸ್ಲಿಲ್ವಾ? ಈ ಮುಖ ನೋಡಿದ್ರೆ ಬಾಟ್ಲಿ ತಗಳಕ್ಕೇ ಭಯ ಆಯ್ತದೆ ಕಣ್ರೀ!" ನಿಂತಿದ್ದ ಗಿರಾಕಿಗಳೆಲ್ಲ ನಕ್ಕರು. ನಾನೂ ನಕ್ಕೆ. ಮೊಮ್ಮಗಳ ಮುಂದೆಯೇ ನಕ್ಕೆ.

ಗಿರಾಕಿಗಳು ಹೋದ ಮೇಲೆ ಹೇಳಿದೆ, "ನಾಳೆಯಿಂದ ಅಂಗಡಿಗೆ ಬರ್ಬೇಡ."

"ಯಾಕೆ ತಾತ?"

"ಕನ್ನಡಿ ನೋಡ್ಕೊಂಡಿದೀಯಾ? ಆ ಮುಖ ಇಟ್ಕೊಂಡು ಇಲ್ಲಿ ಕೂತ್ರೆ ಯಾಪಾರ ಆಗುತ್ತಾ?"

"ವಾಸಿ ಆದ್ಮೇಲೆ ಬರ್ಬೋದಾ?" ಎಂದು ಕೇಳಿದಳು.

"ಮೊದ್ಲು ವಾಸಿ ಮಾಡ್ಕೊ."

ಆಮೇಲೆ ನನ್ನ ಕಣ್ಣು ಅವಳ ಕತ್ತಿಗೆ ಬಿತ್ತು. ಜಡೆಯ ಕೆಳಗೆ ಕಪ್ಪಗೆ, ಮಸಿ ಬಟ್ಟೆಯಲ್ಲಿ ಒರೆಸಿದ ಹಾಗೆ ಪಟ್ಟಿ. ಸ್ನಾನ ನೆಟ್ಟಗೆ ಮಾಡುವುದಿಲ್ಲ, ಅದಕ್ಕೇ ಮೊಡವೆಯೂ ಹೋಗುತ್ತಿಲ್ಲ ಎಂದು ತೀರ್ಮಾನಿಸಿದೆ. ಭಾನುವಾರ ನನ್ನ ಹೆಂಡತಿಯ ಕೈಗೆ ತೆಂಗಿನ ನಾರು, ಸೀಗೆಪುಡಿ ಕೊಟ್ಟು ಬಚ್ಚಲಿನ ಹೊರಗೆ ನಿಂತೆ. ಒಳಗಿನಿಂದ ಅವಳು, "ರೀ, ಇದು ಹೋಗ್ತಾ ಇಲ್ಲ ಕಣ್ರೀ. ಚರ್ಮಾನೇ ಕಿತ್ಕೊಂಡು ಬರ್ತಾ ಇದೆ" ಎಂದಳು. "ಕೊಳೆ ಅಂದ್ಮೇಲೆ ಹೋಗ್ಲೇಬೇಕು. ಉಜ್ಜು" ಎಂದೆ. ಮಗು ಒಂದು ಸಲವೂ ಕಿರುಚಲಿಲ್ಲ. ಹೊರಗೆ ಬಂದಾಗ ಟವೆಲಿನ ಮೇಲೆ ಕೆಂಪು ಇತ್ತು. ಮುಂದಿನ ಭಾನುವಾರವೂ ಉಜ್ಜಿಸಿದೆ. ಅದರ ಮುಂದಿನ ಭಾನುವಾರ ನಾನು ಹೇಳುವ ಮೊದಲೇ ಅವಳೇ ನಾರು ಹಿಡಿದುಕೊಂಡು ಅಜ್ಜಿಯ ಮುಂದೆ ಬಂದು ಕೂತಳು.

ಹೀಗೆ ಒಂದು ವರ್ಷ. ಹುಡುಗಿ ದಪ್ಪಗಾದಳು. ಗುಂಡಮ್ಮ ಎಂದು ಕರೆದೆ. ಕೂದಲನ್ನು ಕೆನ್ನೆಯ ಮೇಲೆ ಬಿಟ್ಟುಕೊಂಡು ಓಡಾಡಿದಳು. ದೆವ್ವ ಎಂದೆ. ಮಾತು ಕಡಿಮೆಯಾಗುತ್ತ ಬಂದು ಕೊನೆಗೆ ಹೂಂ, ಉಹೂಂ ಎರಡೇ ಉಳಿದವು. ಅಳಲೆಕಾಯಿಗೆ ಜಗಳ ಆಡುತ್ತಿದ್ದ ಆ ಗಂಟಲು ಮನೆಯಲ್ಲಿ ಕೇಳದೇ ಹೋಯಿತು. ನನಗೆ ಅದು ವಿನಯ ಬಂದಂತೆ ಕಂಡಿತು.

ಸೊಸೆ ನನ್ನನ್ನು ಕೇಳದೆ ಮಗಳನ್ನು ಕರೆದುಕೊಂಡು ಲೇಡಿ ಡಾಕ್ಟರ ಹತ್ತಿರ ಹೊರಟಳು. ಜಗಳ ಆಡಲೆಂದೇ ನಾನೂ ಹಿಂದೆ ಹೋದೆ. ಡಾಕ್ಟರಮ್ಮ ಮುಖ ನೋಡಿದ್ದು ಒಂದು ಗಳಿಗೆ. ಆಮೇಲೆ ಎದ್ದು ಬಂದು ಹುಡುಗಿಯ ಜಡೆ ಎತ್ತಿ ಕತ್ತು ನೋಡಿದರು.

"ಈ ಗಾಯ ಏನು?"

"ಕೊಳೆ ಇತ್ತು, ಉಜ್ಜಿಸ್ದೆ" ಎಂದೆ.

"ಇದು ಕೊಳೆ ಅಲ್ಲ ಯಜಮಾನ್ರೇ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಆದ್ರೆ ಕತ್ತು ಹೀಗೆ ಕಪ್ಪಾಗುತ್ತೆ. ನೀವು ಮೂಳೆ ತನಕ ಉಜ್ಜಿದ್ರೂ ಹೋಗಲ್ಲ."

ಮುಟ್ಟು ಸರಿಯಾಗಿ ಆಗುತ್ತಾ ಎಂದು ಸೊಸೆಯನ್ನು ಕೇಳಿದರು. ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ ಎಂದಳು. ಬರೀ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರು. ಎರಡು ದಿನ ಬಿಟ್ಟು ರಿಪೋರ್ಟು ತೋರಿಸಿದಾಗ ಬಿಡಿಸಿ ಹೇಳಿದರು. ತಿಂದ ಸಿಹಿ ರಕ್ತಕ್ಕೆ ಇಳಿದರೆ ಅದನ್ನು ಮೈಗೆಲ್ಲ ಹಂಚಲು ಇನ್ಸುಲಿನ್ ಬರುತ್ತದಂತೆ. ಕೆಲವರ ಮೈ ಅದರ ಮಾತು ಕೇಳುವುದಿಲ್ಲ, ಆಗ ಅದು ಇನ್ನೂ ಇನ್ನೂ ಬರುತ್ತದೆ. ಇವಳ ರಕ್ತದಲ್ಲಿ ಸಕ್ಕರೆ ಇನ್ನೂ ಮಿತಿಯಲ್ಲೇ ಇತ್ತು, ಇನ್ಸುಲಿನ್ ಮಾತ್ರ ತುಂಬಾ ಇತ್ತು. ಅದು ಹೆಚ್ಚಾದರೆ ಹೆಣ್ಣುಮಕ್ಕಳ ಮೈಯಲ್ಲಿರುವ ಗಂಡು ಹಾರ್ಮೋನನ್ನು ಏರಿಸುತ್ತದೆ. ಆಗ ಚರ್ಮದಲ್ಲಿ ಎಣ್ಣೆ ಜಾಸ್ತಿ ಒಸರಿ, ಸಣ್ಣ ರಂಧ್ರಗಳು ಕಟ್ಟಿಕೊಂಡು ಮೊಡವೆ ಏಳುತ್ತದೆ. ರಕ್ತ ಕೆಟ್ಟಿಲ್ಲ, ಗಲೀಜೂ ಆಗಿಲ್ಲ.

"ದಿನಾ ಏನೇನು ತಿಂತೀಯಮ್ಮ?" ಎಂದು ಹುಡುಗಿಯನ್ನು ಕೇಳಿದರು. ಅನ್ನ, ಸಾರು, ಇಡ್ಲಿ ಎಂದು ಮೆಲ್ಲಗೆ ಹೇಳಿ, "ಐದು ಲೋಟ ಷರಬತ್ತು" ಎಂದಳು.

ನಾನು ಬೆಚ್ಚಿಬಿದ್ದೆ. "ನಾನು ಹೇಳಿದ್ದು ಮೂರೇ ಲೋಟ."

ಅವಳು ನನ್ನ ಕಡೆ ತಿರುಗಲಿಲ್ಲ. ಡಾಕ್ಟರಿಗೇ ಹೇಳಿದಳು, "ಬೇಗ ವಾಸಿ ಆದ್ರೆ ತಾತ ಅಂಗಡಿಗೆ ಸೇರಿಸ್ತಾರೆ, ಅದಕ್ಕೆ."

ಆಗಲೂ ನನ್ನ ಬಾಯಿಂದ ಬಂದದ್ದು, "ಅದು ಕಲ್ಲುಸಕ್ಕರೆ ಡಾಕ್ಟ್ರೇ, ತಂಪು" ಎನ್ನುವ ಮಾತೇ. ಅವರು ರಿಪೋರ್ಟು ಮಡಚಿದರು. "ರಕ್ತಕ್ಕೆ ಅದೂ ಸಕ್ಕರೇನೇ. ಇವಳ ಮೈಗುಣ ಮೊದ್ಲೇ ಹಂಗಿತ್ತು, ಪೂರ್ತಿ ನಿಮ್ಮಿಂದ ಬಂದಿದ್ದಲ್ಲ. ಆದ್ರೆ ಉರಿಯೋ ಬೆಂಕಿಗೆ ದಿನಾ ಐದು ಲೋಟ ತುಪ್ಪ ಸುರಿದಿದೀರ."

ಮಾತ್ರೆ, ಮುಲಾಮು, ಸಿಹಿ ಬಂದ್, ಬೆಳಗ್ಗೆ ನಡಿಗೆ. ಸೊಸೆಯೇ ನಿಂತು ಮಾಡಿಸಿದಳು. ಮೊಡವೆ ಇಳಿಯುವುದಕ್ಕೆ ತಿಂಗಳುಗಟ್ಟಲೆ ಹಿಡಿಯಿತು. "ಅಂಗಡಿಗೆ ಬಾ ಮಗಾ" ಎಂದು ಕರೆದೆ. "ಇನ್ನೂ ವಾಸಿ ಆಗಿಲ್ಲ" ಎಂದಳು. ಅಷ್ಟೇ. ಮತ್ತೆ ಕರೆದರೂ ಅದೇ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಇಷ್ಟೆಲ್ಲ ಆದ ಮೇಲೂ ನಾನು ಆ ಷರಬತ್ತನ್ನು ಮಾರುತ್ತಲೇ ಇದ್ದೆ. ಬೇರೆಯವರ ಮಕ್ಕಳ ಕತ್ತು ನೋಡುವ ಕೆಲಸ ನನ್ನದಲ್ಲ ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ, ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ಬಂದು ಎರಡು ಬಾಟಲಿ ಕೇಳಿದಳು. ಕಟ್ಟಿಕೊಡುತ್ತಿದ್ದೆ. ಮೊಮ್ಮಗಳು ಯಾವಾಗ ಬಂದು ನಿಂತಿದ್ದಳೋ ಗೊತ್ತಿಲ್ಲ. ಮುಖದ ತುಂಬ ಕಲೆ ಹಾಗೆಯೇ ಇತ್ತು, ಕೂದಲನ್ನು ಹಿಂದಕ್ಕೆ ಎಳೆದು ಕಟ್ಟಿದ್ದಳು.

"ತಗೋಬೇಡಿ ಆಂಟಿ! ಇದು ಔಷಧಿ ಅಲ್ಲ, ಬರೀ ಪಾಕ. ನಾನು ದಿನಾ ಐದು ಲೋಟ ಕುಡ್ದೆ. ನೋಡಿ ನನ್ನ ಮುಖ, ಸರಿಯಾಗಿ ನೋಡಿ. ನಿಮ್ಮ ಮಗಳ ಕತ್ತೂ ಕಪ್ಪಗಿದೆ. ರಕ್ತ ಟೆಸ್ಟ್ ಮಾಡ್ಸಿ, ಉಜ್ಬೇಡಿ."

"ಪಂಡಿತ್ರು ಹೇಳಿದ್ರಲ್ಲಮ್ಮ" ಎಂದಳು ಆ ತಾಯಿ.

"ಯಾವ ಪಂಡಿತ್ರು? ನಮ್ ತಾತಾನಾ? ನಾಲ್ಕನೇ ಕ್ಲಾಸು ಕಣ್ರೀ ಅವ್ರು!"

ಪಕ್ಕದ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಮಗ್ಗುಲಲ್ಲೇ ಮುಳ್ಳು ಇಟ್ಕೊಂಡಿದೀರಲ್ಲ ಯಜಮಾನ್ರೇ!" ತಾಯಿ ಮಗಳು ಬಾಟಲಿ ಅಲ್ಲೇ ಬಿಟ್ಟು ಹೋದರು. ಐವತ್ತು ವರ್ಷದ ಹೆಸರು ಐದು ನಿಮಿಷಕ್ಕೆ ಹೋಯಿತು. ಹೋಗಲಿ, ಯಾರಿಗೆ ಬೇಕು? ಆ ಗಂಟಲು ಕೇಳಿ ನನಗೆ ಎರಡು ವರ್ಷವಾಗಿತ್ತು! ಎದೆ ತುಂಬಿ ಬಂದು, ಕಣ್ಣಲ್ಲಿ ನೀರು ಸುರಿಯುತ್ತ, ಹಲ್ಲಿಲ್ಲದ ಬಾಯಿ ಬಿಟ್ಟು ನಗಲು ಶುರು ಮಾಡಿದೆ.

"ನಗ್ಬೇಡಿ ತಾತ. ನಾನು ತಮಾಷೆ ಮಾಡ್ತಿಲ್ಲ. ಇನ್ನೆಷ್ಟು ಬಾಟ್ಲಿ ಇವೆ?"

"ಒಂದಿಪ್ಪತ್ತು ಇರ್ಬೋದಮ್ಮ."

"ಚೆಲ್ಲಿ."

ಬೀದಿಯವರೆಲ್ಲ ನೋಡುತ್ತಿರುವಾಗ ಒಂದೊಂದೇ ಬಿರಡೆ ಕಿತ್ತು ಮೋರಿಗೆ ಸುರಿದೆ. ಅವಳು ಸೊಂಟಕ್ಕೆ ಕೈ ಕೊಟ್ಟು ನನ್ನ ಪಕ್ಕದಲ್ಲೇ ನಿಂತಿದ್ದಳು. ಬಗ್ಗಿ ಬಗ್ಗಿ ನನ್ನ ಬೆನ್ನು ಹಿಡಿದುಕೊಂಡಿತು, ಕೂತ್ಕೊಳ್ಳಿ ಎನ್ನಲಿಲ್ಲ. "ಅದ್ರಲ್ಲಿ ಇನ್ನೂ ಇದೆ, ತಳ ನೋಡಿ. ಬಗ್ಸಿ ತಾತ, ಪೂರ್ತಿ ಬಗ್ಸಿ" ಎಂದು ಗದರಿಸಿದಳು. ಪೂರ್ತಿ ಬಗ್ಗಿಸಿದೆ.